ದೀಪಸ್ತಂಭವೂ ಅಲೆತಡೆಯೂ: ಮದರಾಸು ಬಂದರಿನಿಂದ ಒಂದು ಪಾಠ

ಶಾಲೆಯ ನಾಲ್ಕು ಗೋಡೆಗಳ ನಡುವೆ ಪೂರ್ಣವಾಗಿ ಕಲಿಸಲಾಗದ ವಿಷಯಗಳು ಕೆಲವುಂಟು. ಸಮುದ್ರವು ಅವುಗಳಲ್ಲಿ ಒಂದು. ಬಯಲುಸೀಮೆಯ ನಮ್ಮ ಮಕ್ಕಳ ಪಾಲಿಗೆ ಕಡಲೆಂಬುದು ಭೂಪಟದ ಅಂಚಿಗೆ ಬಳಿದ ನೀಲಿಯ ಬಣ್ಣ. ಬಂದರೆಂಬುದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹೆಸರುಗಳ ಒಂದು ಸಾಲು. ಕೆರೆಯ ಏರಿಯನ್ನು ಬಲ್ಲ ಹುಡುಗನಿಗೆ ನೀರನ್ನು ತಡೆಯುವ ಕಟ್ಟಡವೆಂದರೇನೆಂಬುದು ಗೊತ್ತು. ಆದರೆ ಹಗಲಿರುಳೂ ಬಂದು ಬಡಿಯುವ ನೀರಿನ ಎದುರಿಗೆ ಗೋಡೆ ಕಟ್ಟುವುದೆಂದರೇನು, ಕತ್ತಲಲ್ಲಿ ಬರುವ ಹಡಗಿಗೆ ದಡದ ಗುರುತು ಹೇಳುವುದೆಂದರೇನು ಎಂಬುದನ್ನು ಅವನು ಅಲ್ಲಿಗೆ ಹೋಗಿಯೇ ತಿಳಿಯಬೇಕು.

ಈ ದೃಷ್ಟಿಯಿಂದ ಶೈಕ್ಷಣಿಕ ಪ್ರವಾಸಕ್ಕೆ ಅತ್ಯಂತ ಯೋಗ್ಯವಾದ ಸ್ಥಳಗಳಲ್ಲಿ ಹಿಂದಿನ ಮದರಾಸು, 1996ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ ನಗರವೂ ಒಂದು. ಅಲ್ಲಿಯ ಬಂದರು ನಮಗೆ ತೀರ ಪರಕೀಯವಾದುದಲ್ಲ. 1864ರಲ್ಲಿ ಜೋಲಾರಪೇಟೆಯ ಮಾರ್ಗವಾಗಿ ಬೆಂಗಳೂರು ದಂಡಿಗೆ ರೈಲು ಬಂದಾಗ ಮೈಸೂರು ಸೀಮೆಗೆ ಪೂರ್ವ ಸಮುದ್ರದ ಹಾದಿ ತೆರೆಯಿತು. ಬಳ್ಳಾರಿ ಜಿಲ್ಲೆ 1953ರವರೆಗೆ, ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಆ ನಗರವನ್ನೇ ರಾಜಧಾನಿಯಾಗಿ ಹೊಂದಿದ್ದವು. ಇಂಥ ನಂಟಿನ ಊರಿನಲ್ಲಿ ಎರಡು ಶತಮಾನಗಳಿಗೂ ಮೀರಿದ ಕಾಲದ ನಾಲ್ಕು ದೀಪಗಳ ನೆಲೆಗಳನ್ನು ಒಂದೇ ದಿನದಲ್ಲಿ ನೋಡಬಹುದು. ಮಾನವನು ಕಡಲಿನೊಡನೆ ಹೋರಾಡಿ ಸೋತು, ಸೋತು ಕಲಿತ ಕಥೆಯ ಗುರುತುಗಳನ್ನೂ ಅದೇ ದಡದ ಮೇಲೆ ಓದಬಹುದು.

ಬಂದರಿಲ್ಲದ ಬಂದರು ಪಟ್ಟಣ

ಮದರಾಸಿನ ಇತಿಹಾಸದಲ್ಲಿ ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಸ್ವಾಭಾವಿಕವಾದ ಬಂದರೇ ಇರಲಿಲ್ಲ. ಕಾರವಾರದ ಕೊಲ್ಲಿಯನ್ನು ನೋಡಿದವರಿಗೆ ಬೆಟ್ಟಗಳೂ ನಡುಗಡ್ಡೆಗಳೂ ಹೇಗೆ ನೀರನ್ನು ಅಪ್ಪಿಕೊಂಡು ಶಾಂತಗೊಳಿಸುತ್ತವೆಂಬುದು ತಿಳಿದಿರುತ್ತದೆ. ಕೋರಮಂಡಲ ತೀರದಲ್ಲಿ ಅಂಥ ಆಸರೆಯಿಲ್ಲ. ದಡವು ಗೆರೆ ಎಳೆದಂತೆ ನೇರವಾಗಿದೆ. ಮರಳು ತಗ್ಗಾಗಿ ಹರಡಿದೆ. ಬಂಗಾಳಕೊಲ್ಲಿಯ ಅಲೆಗಳು ಯಾವ ಅಡ್ಡಿಯೂ ಇಲ್ಲದೆ ಬಂದು ಮುರಿಯುತ್ತವೆ. ಆದುದರಿಂದ 1639ರಲ್ಲಿ ಇಂಗ್ಲಿಷ್ ಕಂಪನಿಯವರು ಅಲ್ಲಿ ನೆಲೆಯೂರಿದಂದಿನಿಂದ ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹಡಗುಗಳು ದಡದಿಂದ ದೂರದಲ್ಲಿ, ತೆರೆದ ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಗಿತ್ತು.

ಹಡಗಿಗೂ ದಡಕ್ಕೂ ನಡುವಿನ ಆ ಅಪಾಯದ ನೀರನ್ನು ದಾಟಿಸುತ್ತಿದ್ದವರು ಸ್ಥಳೀಯ ಅಂಬಿಗರು. ಅವರ ಸಾಧನ ಮಸೂಲ ದೋಣಿ. ಈ ದೋಣಿಯ ರಚನೆಯು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಇದಕ್ಕೆ ಮೊಳೆಗಳಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕೂಡಿಸಿರುತ್ತಿದ್ದರು. ಅಲೆಯ ಮೇಲಿನಿಂದ ಮರಳಿಗೆ ಅಪ್ಪಳಿಸಿದಾಗ ಮೊಳೆ ಹೊಡೆದ ಗಟ್ಟಿ ದೋಣಿ ಸೀಳುತ್ತಿತ್ತು. ಹೊಲಿದ ದೋಣಿಯಾದರೋ ಬಾಗಿ, ಬಳುಕಿ, ಪೆಟ್ಟನ್ನು ತಾಳಿಕೊಳ್ಳುತ್ತಿತ್ತು. ಅದರ ಜೊತೆಯಲ್ಲಿ ಕಟ್ಟುಮರಗಳು ಸಾಗುತ್ತಿದ್ದವು. ಕೆಲವು ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿದ ಈ ಸರಳ ಸಾಧನದ ತಮಿಳು ಹೆಸರೇ ಮುಂದೆ ಇಂಗ್ಲಿಷಿಗೆ ಹೋಗಿ 'ಕ್ಯಾಟಮರಾನ್' ಆಯಿತು. ದೋಣಿಯಿಂದ ನೀರಿಗೆ ಬಿದ್ದವರನ್ನು ಎತ್ತುವ ಕೆಲಸವೂ ಕಟ್ಟುಮರದವರದೇ ಆಗಿತ್ತು.

ಆ ನಗರದ ವೈಭವದ ಕಟ್ಟಡಗಳನ್ನು ನೋಡುವಾಗ ಈ ಮಾತನ್ನು ನೆನಪಿನಲ್ಲಿಡಬೇಕು. ಆ ಕಾಲದಲ್ಲಿ ಹಡಗಿನಲ್ಲಿ ಬಂದಿಳಿದ ಸರಕೂ ಪುಸ್ತಕವೂ ಮನುಷ್ಯನೂ ಯಾರೋ ಹೆಸರಿಲ್ಲದ ಅಂಬಿಗರ ತೋಳಬಲದಿಂದಲೇ ದಡ ಸೇರಿದರು.

ನಾಲ್ಕು ದೀಪಗಳು

ದೂರದಲ್ಲಿ ನಿಲ್ಲುವ ಹಡಗಿಗೆ ರಾತ್ರಿಯ ಹೊತ್ತು ಊರಿನ ಗುರುತು ಸಿಗುವುದೆಂತು? ಈ ಪ್ರಶ್ನೆಗೆ ಉತ್ತರವಾಗಿ 1796ರಲ್ಲಿ ಮದರಾಸಿನ ಮೊದಲ ದೀಪವು ಸೇಂಟ್ ಜಾರ್ಜ್ ಕೋಟೆಯೊಳಗೆ ಬೆಳಗಿತು. ಅದಕ್ಕಾಗಿ ಪ್ರತ್ಯೇಕ ಸ್ತಂಭವನ್ನು ಕಟ್ಟಿರಲಿಲ್ಲ. ವರ್ತಕರು ಸೇರುತ್ತಿದ್ದ ವಿನಿಮಯ ಮಂದಿರದ ಮಾಳಿಗೆಯ ಮೇಲೆಯೇ ದೊಡ್ಡ ಕಂದೀಲನ್ನು ಇರಿಸಲಾಯಿತು. ಅದರಲ್ಲಿ ಉರಿದುದು ತೆಂಗಿನೆಣ್ಣೆ. ನಮ್ಮ ಮನೆಗಳ ದೇವರ ಗೂಡಿನ ದೀಪಕ್ಕೂ ಹಡಗುಗಳಿಗೆ ದಾರಿ ತೋರಿದ ಈ ದೀಪಕ್ಕೂ ಮೂಲದಲ್ಲಿ ಭೇದವಿರಲಿಲ್ಲ. ಆ ಕಟ್ಟಡವು ಇಂದು ಕೋಟೆಯ ವಸ್ತುಸಂಗ್ರಹಾಲಯವಾಗಿದೆ.

ಎರಡನೆಯ ದೀಪವು 1844ರಲ್ಲಿ ಬೆಳಗಿತು. ಕೋಟೆಯಿಂದ ಸ್ವಲ್ಪ ಉತ್ತರಕ್ಕೆ, ಈಗಿನ ಉಚ್ಚ ನ್ಯಾಯಾಲಯದ ಆವರಣದಲ್ಲಿ, ಗ್ರೀಕರ ಡೋರಿಕ್ ಶೈಲಿಯ ಕಲ್ಲಿನ ಕಂಬವೊಂದು ಇಂದಿಗೂ ನಿಂತಿದೆ. ಅದೇ ಆ ಕಾಲದ ದೀಪಸ್ತಂಭ. ಅಲ್ಲಿ ಆರ್ಗಂಡ್ ದೀಪಗಳನ್ನೂ ಬೆಳಕನ್ನು ಮುಂದಕ್ಕೆ ಎಸೆಯುವ ಪ್ರತಿಫಲಕಗಳನ್ನೂ ಬಳಸಿದರು. ಆರ್ಗಂಡ್ ದೀಪವೆಂದರೆ ಕೊಳವೆಯಾಕಾರದ ಬತ್ತಿಯುಳ್ಳದ್ದು. ಬತ್ತಿಯ ಒಳಗೂ ಹೊರಗೂ ಗಾಳಿಯಾಡುವುದರಿಂದ ಹೊಗೆ ಕಡಿಮೆ, ಪ್ರಕಾಶ ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಈ ಶೋಧನೆಯು ದೀಪಸ್ತಂಭಗಳ ಚರಿತ್ರೆಯಲ್ಲಿ ಒಂದು ಹೊಸ ಅಧ್ಯಾಯವನ್ನು ತೆರೆಯಿತು.

ಅರ್ಧ ಶತಮಾನದ ಬಳಿಕ ಅದೇ ಆವರಣದಲ್ಲಿ ಉಚ್ಚ ನ್ಯಾಯಾಲಯದ ಭವ್ಯವಾದ ಕೆಂಪು ಕಟ್ಟಡವು 1892ರಲ್ಲಿ ಸಿದ್ಧವಾಯಿತು. ಅದರ ಗುಮ್ಮಟಗಳು ಹಳೆಯ ಕಂಬವನ್ನು ಮೀರಿ ಬೆಳೆದುವು. ಆದುದರಿಂದ 1894ರಲ್ಲಿ ದೀಪವನ್ನು ಆ ಕಟ್ಟಡದ ಅತ್ಯುನ್ನತ ಗೋಪುರದ ತುದಿಗೆ ಏರಿಸಲಾಯಿತು. ಕೆಳಗೆ ನ್ಯಾಯಪೀಠ, ಮೇಲೆ ದಾರಿದೀಪ. ಜಗತ್ತಿನಲ್ಲಿ ಇಂಥ ಕೂಟವು ಅಪೂರ್ವವೇ ಸರಿ. ಎಂಬತ್ತಮೂರು ವರ್ಷಗಳ ಕಾಲ ಆ ಗುಮ್ಮಟವು ಎರಡು ಹೊಣೆಗಳನ್ನೂ ಹೊತ್ತು ನಿಂತಿತು.

ನಾಲ್ಕನೆಯದು ಮರೀನಾ ಕಡಲತೀರದ ದಕ್ಷಿಣ ಭಾಗದಲ್ಲಿ, ಕೋಟೆಯಿಂದ ಸುಮಾರು ನಾಲ್ಕೂವರೆ ಕಿಲೋಮೀಟರು ದೂರದಲ್ಲಿ, ಕೆಂಪು ಬಿಳಿ ಪಟ್ಟಿಗಳಿಂದ ಎದ್ದು ಕಾಣುವ ಕಾಂಕ್ರೀಟಿನ ಗೋಪುರ. 1977ರ ಜನವರಿಯಿಂದ ಅದು ಕಾರ್ಯನಿರತವಾಗಿದೆ. ಒಳಗೆ ಲಿಫ್ಟ್ ಸೌಕರ್ಯವುಳ್ಳ ದೀಪಸ್ತಂಭಗಳು ನಮ್ಮ ದೇಶದಲ್ಲಿ ವಿರಳ, ಇದು ಅವುಗಳಲ್ಲೊಂದು. ಭದ್ರತೆಯ ಕಾರಣದಿಂದ ದೀರ್ಘಕಾಲ ಸಾರ್ವಜನಿಕರಿಗೆ ಮುಚ್ಚಿದ್ದ ಇದರ ಬಾಗಿಲು 2013ರ ನವೆಂಬರಿನಲ್ಲಿ ಮತ್ತೆ ತೆರೆಯಿತು.

ಬೆಳಕಿನ ಲೆಕ್ಕ

ದೀಪವನ್ನು ಏಕೆ ಇಷ್ಟು ಎತ್ತರಕ್ಕೆ ಏರಿಸಬೇಕು? ಭೂಮಿ ಗುಂಡಗಿರುವುದೇ ಇದಕ್ಕೆ ಕಾರಣವೆಂದು ಪಾಠಪುಸ್ತಕದಲ್ಲಿ ಓದಿದ ವಿದ್ಯಾರ್ಥಿಯು ಅದನ್ನು ಇಲ್ಲಿ ಲೆಕ್ಕ ಹಾಕಿ ನೋಡಬಹುದು. ನೋಡುವ ಕಣ್ಣಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ನೀರಿನಂಚಿನಲ್ಲಿ ನಿಂತ ಬಾಲಕನ ಕಣ್ಣು 1.44 ಮೀಟರು ಎತ್ತರದಲ್ಲಿದ್ದರೆ ಅವನಿಗೆ ಕಾಣುವ ಕಡಲು ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 9 ಮೀಟರು ಎತ್ತರಕ್ಕೆ ಏರಿದರೆ ಸುಮಾರು 10.7 ಕಿಲೋಮೀಟರು, 36 ಮೀಟರಿಗೆ ಏರಿದರೆ ಸುಮಾರು 21.4 ಕಿಲೋಮೀಟರು. ಎತ್ತರವು ನಾಲ್ಕು ಮಡಿಯಾದಾಗ ದೂರವು ಇಮ್ಮಡಿಯಾಯಿತೆಂಬುದನ್ನು ಗಮನಿಸಬೇಕು. 36 ಮೀಟರು ಎತ್ತರದ ದೀಪವನ್ನು 9 ಮೀಟರು ಎತ್ತರದ ಹಡಗಿನ ಅಟ್ಟದಿಂದ ನೋಡುವ ನಾವಿಕನಿಗೆ ಎರಡು ದೂರಗಳೂ ಕೂಡಿ, ಸುಮಾರು 32 ಕಿಲೋಮೀಟರಿನಾಚೆಯಿಂದಲೇ ಬೆಳಕು ಗೋಚರಿಸುತ್ತದೆ. ಗಾಳಿಯಲ್ಲಿ ಬೆಳಕು ತುಸು ಬಾಗುವುದರಿಂದ ಈ ದೂರ ಇನ್ನೂ ಸ್ವಲ್ಪ ಹೆಚ್ಚುವುದುಂಟು.

ಎತ್ತರವೊಂದೇ ಸಾಲದು. ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ಆಕಾಶಕ್ಕೂ ನೆಲಕ್ಕೂ ಹೋದ ಬೆಳಕಿನಿಂದ ನಾವಿಕನಿಗೆ ಪ್ರಯೋಜನವಿಲ್ಲ. ಚೆದರಿದ ಕಿರಣಗಳನ್ನು ಒಂದುಗೂಡಿಸಿ ಕಡಲಿನ ಕಡೆಗೆ ತಿರುಗಿಸುವ ಉಪಾಯವನ್ನು ಫ್ರಾನ್ಸ್ ದೇಶದ ಭೌತವಿಜ್ಞಾನಿ ಆಗಸ್ಟಿನ್ ಫ್ರೆನೆಲ್ ಕಂಡುಹಿಡಿದನು. ಒಂದೇ ದಪ್ಪನೆಯ ಗಾಜಿನ ಮಸೂರದ ಬದಲಾಗಿ, ಉಂಗುರಗಳಂತೆ ಜೋಡಿಸಿದ ತೆಳುವಾದ ಗಾಜಿನ ಪಟ್ಟಿಗಳಿಂದ ಅವನು ಮಸೂರವನ್ನು ರಚಿಸಿದನು. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಇದು ಮೊದಲು ಬಳಕೆಗೆ ಬಂದಿತು. ಸಣ್ಣ ಜ್ವಾಲೆಯೂ ಸರಿಯಾದ ಮಸೂರದ ನಡುವೆ ನಿಂತರೆ ಹರದಾರಿಗಳಾಚೆಗೆ ತಲುಪಬಲ್ಲದೆಂಬುದನ್ನು ಈ ಶೋಧನೆಯು ತೋರಿಸಿಕೊಟ್ಟಿತು.

ಇನ್ನೊಂದು ಪ್ರಶ್ನೆಯುಂಟು. ಕತ್ತಲಲ್ಲಿ ಕಂಡ ಬೆಳಕು ಯಾವ ಊರಿನದೆಂದು ತಿಳಿಯುವುದು ಹೇಗೆ? ಪ್ರತಿಯೊಂದು ದೀಪಸ್ತಂಭಕ್ಕೂ ಮಿನುಗುವ ಕ್ರಮವೊಂದು ಗೊತ್ತಾಗಿರುತ್ತದೆ. ಮರೀನಾ ದೀಪವು ಹತ್ತು ಸೆಕೆಂಡುಗಳಿಗೊಮ್ಮೆ ಎರಡು ಸಲ ಮಿಂಚುತ್ತದೆ. ನಾವಿಕನು ಎಣಿಸಿ, ಪಟ್ಟಿಯೊಡನೆ ತಾಳೆ ನೋಡಿ, ತಾನೆಲ್ಲಿರುವೆನೆಂದು ನಿರ್ಧರಿಸುತ್ತಾನೆ. ದೀಪವು ಹಡಗನ್ನು ನಡೆಸುವುದಿಲ್ಲ. ತಾನು ನಿಂತ ನೆಲೆಯನ್ನು ತಪ್ಪದೆ ತಿಳಿಸುತ್ತದೆ. ಚುಕ್ಕಾಣಿ ನಾವಿಕನ ಕೈಯಲ್ಲಿಯೇ ಇರುತ್ತದೆ. ಉಪಗ್ರಹಗಳ ನೆರವಿನಿಂದ ಹಡಗುಗಳು ತಮ್ಮ ಸ್ಥಾನವನ್ನು ಅರಿಯುವ ಇಂದಿನ ದಿನಗಳಲ್ಲಿಯೂ ದೀಪಸ್ತಂಭಗಳನ್ನು ಉಳಿಸಿಕೊಂಡಿರುವುದು ಇದಕ್ಕಾಗಿಯೇ. ಯಂತ್ರವು ಕೆಟ್ಟ ಹೊತ್ತಿನಲ್ಲಿ ಕಣ್ಣಿಗೆ ಕಾಣುವ ಗುರುತೊಂದು ಬೇಕು.

ದೀಪವು ಶತ್ರುಮಿತ್ರರೆಂದು ಬಗೆಯುವುದಿಲ್ಲವೆಂಬುದಕ್ಕೆ ಈ ಊರಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಜರ್ಮನಿಯ 'ಎಮ್‌ಡೆನ್' ಯುದ್ಧನೌಕೆಯು ಮದರಾಸಿನ ಮುಂದೆ ಬಂದು ಗುಂಡಿನ ಮಳೆಗರೆಯಿತು. ಬಂದರಿನ ಬಳಿಯ ತೈಲದ ತೊಟ್ಟಿಗಳು ಹೊತ್ತಿ ಉರಿದುವು. ಉಚ್ಚ ನ್ಯಾಯಾಲಯದ ಆವರಣಕ್ಕೂ ಪೆಟ್ಟು ತಗುಲಿತು. ಆ ರಾತ್ರಿ ನ್ಯಾಯಾಲಯದ ಗೋಪುರದ ದೀಪವು ಎಂದಿನಂತೆ ಉರಿಯುತ್ತಿತ್ತು. ದಾಳಿಯ ನೆನಪಿನ ಫಲಕವನ್ನು ಆ ಆವರಣದಲ್ಲಿ ಇಂದಿಗೂ ನೋಡಬಹುದು.

ಕಬ್ಬಿಣದ ದಕ್ಕೆ

ದೀಪವು ದಾರಿ ತೋರಿತು. ಆದರೆ ದಡ ಸೇರಿಸಲಿಲ್ಲ. ಹಡಗಿನಿಂದ ದಡಕ್ಕೆ ಇಳಿಯುವ ಕಷ್ಟವು ಹಾಗೆಯೇ ಉಳಿಯಿತು. ಇದನ್ನು ನೀಗಿಸಲು ಕಡಲಿನೊಳಕ್ಕೆ ಚಾಚಿದ ಕಟ್ಟೆಯೊಂದನ್ನು, ನಮ್ಮ ಕರಾವಳಿಯವರ ಮಾತಿನಲ್ಲಿ ದಕ್ಕೆಯನ್ನು, ಕಟ್ಟಲು ನಿಶ್ಚಯಿಸಿದರು. 1861ರಲ್ಲಿ ಮುಗಿದ ಈ ಕಬ್ಬಿಣದ ದಕ್ಕೆಯು ದಡದಿಂದ ನೇರವಾಗಿ ಸುಮಾರು 1,100 ಅಡಿಗಳಷ್ಟು ಮುಂದಕ್ಕೆ, ಅಲೆ ಮುರಿಯುವ ಪಟ್ಟಿಯನ್ನು ದಾಟಿ ಹೋಗಿತ್ತು.

ಮರಳಿನಲ್ಲಿ ಕಂಬ ನಿಲ್ಲಿಸುವುದು ಹೇಗೆ? ಇಲ್ಲಿ ಬಳಸಿದುದು ತಿರುಪುಗಂಬ. ಕಂಬದ ಬುಡದಲ್ಲಿ ತಿರುಪುಮೊಳೆಯಂಥ ಅಗಲವಾದ ಸುರುಳಿಯ ಅಲಗು. ಮೇಲ್ತುದಿಗೆ ಅಡ್ಡಗೋಲುಗಳನ್ನು ಸಿಕ್ಕಿಸಿ ಕೂಲಿಗಳು ಸುತ್ತು ಹಾಕಿದಂತೆ ಕಂಬವು ಮರಳಿನೊಳಕ್ಕೆ ಕೊರೆದು ಇಳಿಯುತ್ತದೆ. ಇದನ್ನು ಕಂಡುಹಿಡಿದವನು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ (1780–1868). ತಾರುಣ್ಯದಲ್ಲಿಯೇ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಅವನು 1833ರಲ್ಲಿ ಈ ಶೋಧನೆಗೆ ಹಕ್ಕುಪತ್ರವನ್ನು ಪಡೆದನು. ಮೆತ್ತನೆಯ ಮರಳದಿಣ್ಣೆಗಳ ಮೇಲೆ ದೀಪಗೃಹಗಳನ್ನು ನಿಲ್ಲಿಸುವುದು ಇದರಿಂದ ಸಾಧ್ಯವಾಯಿತು. ಬೆಳಕನ್ನು ಕಾಣದವನು ಬೆಳಕಿಗೆ ಬುಡ ಹಾಕಿಕೊಟ್ಟ ಈ ವೃತ್ತಾಂತವನ್ನು ನಮ್ಮ ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು.

ಆದರೂ ದಕ್ಕೆಯು ಬಹುಕಾಲ ಬಾಳಲಿಲ್ಲ. 1868ರಲ್ಲಿಯೂ 1872ರಲ್ಲಿಯೂ ಬೀಸಿದ ಚಂಡಮಾರುತಗಳಿಗೆ ಸಿಕ್ಕಿ ಅದು ತೀವ್ರವಾದ ಹಾನಿಗೊಳಗಾಯಿತು. ಕಂಬಗಳ ನಡುವೆ ನೀರು ಹಾದುಹೋಗುವ ದಕ್ಕೆಯು ಅಲೆಯನ್ನು ತಡೆಯಲಾರದು, ಹಡಗಿಗೆ ಆಸರೆಯನ್ನು ಕೊಡಲಾರದು. ಬಿರುಗಾಳಿಯ ಮುನ್ಸೂಚನೆ ಬಂದರೆ ಲಂಗರು ಕಿತ್ತು ದೂರದ ಕಡಲಿಗೆ ಓಡುವುದೊಂದೇ ಹಡಗುಗಳಿಗಿದ್ದ ದಾರಿ.

ಗೋಡೆ ಮತ್ತು ಮರಳು

ಈ ಅನುಭವದಿಂದ ಕೃತಕ ಬಂದರಿನ ಯೋಜನೆ ಹುಟ್ಟಿತು. ವಿಲಿಯಂ ಪಾರ್ಕ್ಸ್ ಎಂಬ ಎಂಜಿನಿಯರನ ನಕ್ಷೆಯಂತೆ 1876ರಲ್ಲಿ ಕೆಲಸ ಆರಂಭವಾಯಿತು. ದಡದಿಂದ ಎರಡು ತೋಳುಗಳಂತೆ ಕಡಲಿಗೆ ಚಾಚಿ, ತುದಿಯಲ್ಲಿ ಒಂದರತ್ತ ಒಂದು ಬಾಗುವ ಅಲೆತಡೆ ಗೋಡೆಗಳು. ಪೂರ್ವಕ್ಕೆ ಹಡಗುಗಳ ಪ್ರವೇಶದ್ವಾರ. ಕಲ್ಲಿನ ರಾಶಿಯ ಮೇಲೆ ದೊಡ್ಡ ದೊಡ್ಡ ಕಾಂಕ್ರೀಟ್ ದಿಂಡುಗಳನ್ನು ಪೇರಿಸಿ ಗೋಡೆ ಏರುತ್ತ ಬಂದಿತು. ಕೆಲಸವು ಮುಗಿಯುವ ಹಂತದಲ್ಲಿದ್ದಾಗ, 1881ರ ನವೆಂಬರಿನಲ್ಲಿ, ಚಂಡಮಾರುತವೊಂದು ಬಂದು ಆ ಗೋಡೆಗಳನ್ನು ಬಹುಮಟ್ಟಿಗೆ ಕೆಡವಿಹಾಕಿತು. ವರ್ಷಗಳ ದುಡಿಮೆ ಒಂದು ಬಿರುಗಾಳಿಗೆ ನೀರುಪಾಲಾಯಿತು. ಮತ್ತೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಂದರು ಒಂದು ರೂಪಕ್ಕೆ ಬಂದಿತು.

ಬಿರುಗಾಳಿಯು ಕಣ್ಣಿಗೆ ಕಾಣುವ ಶತ್ರು. ಕಾಣದ ಇನ್ನೊಂದು ಶಕ್ತಿ ಮರಳಿನದು. ಕೋರಮಂಡಲ ತೀರಕ್ಕೆ ವರ್ಷದ ಬಹುಭಾಗ ಅಲೆಗಳು ದಕ್ಷಿಣದ ಕಡೆಯಿಂದ ಓರೆಯಾಗಿ ಬಂದು ಬಡಿಯುತ್ತವೆ. ಪ್ರತಿಯೊಂದು ಅಲೆಯೂ ಒಂದಿಷ್ಟು ಮರಳನ್ನು ಓರೆಯಾಗಿ ಮೇಲಕ್ಕೆ ತಳ್ಳಿ, ಹಿಂದಿರುಗುವಾಗ ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಮರಳು ಉತ್ತರಕ್ಕೆ ಸಾಗುತ್ತದೆ. ಈಶಾನ್ಯ ಮಾರುತದ ಕೆಲವು ತಿಂಗಳುಗಳಲ್ಲಿ ಈ ಚಲನೆಯು ತಿರುಗುಮುರುಗಾದರೂ ವರ್ಷದ ಒಟ್ಟು ಲೆಕ್ಕದಲ್ಲಿ ಉತ್ತರಕ್ಕೆ ಹೋಗುವುದೇ ಹೆಚ್ಚು. ದಡವೆಂಬುದು ನಿಂತ ನೆಲವೆಂದು ನಾವು ಭಾವಿಸುತ್ತೇವೆ. ಯಥಾರ್ಥವಾಗಿ ಅದು ನಿಧಾನವಾಗಿ ಹರಿಯುವ ಮರಳಿನ ಹೊಳೆ.

ಈ ಹೊಳೆಗೆ ಬಂದರಿನ ಗೋಡೆಯು ಅಣೆಕಟ್ಟಾಯಿತು. ದಕ್ಷಿಣದಿಂದ ಬಂದ ಮರಳು ಗೋಡೆಗೆ ಒರಗಿ ನಿಂತಿತು. ದಡ ಬೆಳೆಯುತ್ತ ಹೋಯಿತು. ಇಂದು ಲಕ್ಷಾಂತರ ಜನರು ವಿಹರಿಸುವ ವಿಶಾಲವಾದ ಮರೀನಾ ಮರಳಬಯಲು ಬಹುಮಟ್ಟಿಗೆ ಹೀಗೆ ಬೆಳೆದುಬಂದುದು. ಅದರ ಅಂಚಿನ ವಿಹಾರಮಾರ್ಗವನ್ನು 1884ರಲ್ಲಿ ಮಾಡಿಸಿ, ಮರೀನಾ ಎಂದು ಹೆಸರಿಟ್ಟವನು ಅಂದಿನ ರಾಜ್ಯಪಾಲ ಗ್ರಾಂಟ್ ಡಫ್. ಒಂದು ಕಾಲದಲ್ಲಿ ಕಡಲು ಕೋಟೆಗೆ ತೀರ ಸಮೀಪದಲ್ಲಿತ್ತು. ಇಂದು ಕೋಟೆಯ ಬಾಗಿಲಿನಲ್ಲಿ ನಿಂತವನಿಗೆ ಆ ಮಾತು ನಂಬುವುದಕ್ಕೇ ಆಗದು.

ಮರಳು ಗೋಡೆಯ ತುದಿಯನ್ನು ಸುತ್ತಿ ಬಂದು ಪೂರ್ವದ ಬಾಗಿಲನ್ನೂ ತುಂಬತೊಡಗಿತು. ಅಲೆಗಳೂ ಆ ಬಾಗಿಲಿನಿಂದ ನೇರವಾಗಿ ಒಳನುಗ್ಗುತ್ತಿದ್ದುವು. 1904ರಲ್ಲಿ ಬಂದರಿನ ಆಡಳಿತವನ್ನು ವಹಿಸಿಕೊಂಡ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಈ ತೊಡಕನ್ನು ಅಭ್ಯಸಿಸಿ, ಪೂರ್ವದ ಬಾಗಿಲನ್ನು ಮುಚ್ಚಿಸಿ ಈಶಾನ್ಯ ಮೂಲೆಯಲ್ಲಿ ಹೊಸ ಪ್ರವೇಶವನ್ನು ಮಾಡಿಸಿದನು. ಬಳಿಕವೇ ಹಡಗುಗಳು ನೆಮ್ಮದಿಯಿಂದ ಒಳಬಂದು ಕಟ್ಟೆಯ ಪಕ್ಕದಲ್ಲಿ ನಿಲ್ಲುವ ಕಾಲ ಬಂದಿತು. ಮಸೂಲ ದೋಣಿಗಳ ಯುಗ ಮುಗಿಯುತ್ತ ಬಂದಿತು. ಸಾವಿರಾರು ಪ್ರಯಾಣಿಕರು ಅಪಾಯದಿಂದ ಪಾರಾದರು. ತಲೆತಲಾಂತರದಿಂದ ಅಲೆಯ ಮರ್ಮವನ್ನರಿತಿದ್ದ ಅಂಬಿಗರಾದರೋ ತಮ್ಮ ಹಳೆಯ ಕಸುಬನ್ನು ಕಳೆದುಕೊಂಡರು.

ದೀಪದ ಬುಡದ ಕತ್ತಲೆ

ಇಷ್ಟನ್ನು ನೋಡಿ ಹಿಂದಿರುಗಿದರೆ ಪ್ರವಾಸವು ಅರ್ಧಕ್ಕೇ ನಿಂತಂತೆ. ಗೋಡೆಯ ದಕ್ಷಿಣದಲ್ಲಿ ಮರಳು ಬೆಳೆಯಿತೆಂದರೆ ಉತ್ತರದಲ್ಲೇನಾಯಿತು? ಬರಬೇಕಾಗಿದ್ದ ಮರಳು ಬಾರದೆ ಹೋಯಿತು. ಆದರೆ ಅಲೆಗಳು ತಮ್ಮ ಕೆಲಸವನ್ನು ನಿಲ್ಲಿಸಲಿಲ್ಲ. ಇದ್ದ ಮರಳನ್ನೇ ಕೊರೆದು ಮುಂದಕ್ಕೆ ಸಾಗಿಸಿದುವು. ಬಂದರಿನ ಉತ್ತರಕ್ಕಿರುವ ರಾಯಪುರದ ದಡವನ್ನು ಕಡಲು ತಿನ್ನುತ್ತ ಬಂದಿತು. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟುದು ಈ ರಾಯಪುರದಿಂದಲೇ. ಅಲ್ಲಿಂದ ಮುಂದೆ ಉತ್ತರದ ತೀರದುದ್ದಕ್ಕೂ ಇಂದು ಕಾಣುವುದು ಮರಳಲ್ಲ. ದಡವನ್ನು ಉಳಿಸಲು ಸುರಿದ ಕರಿಯ ಬಂಡೆಗಳ ಸಾಲು. ದೋಣಿಯನ್ನು ಎಳೆದಿಡಲು, ಬಲೆಯನ್ನು ಹರಡಲು ಬೇಕಾದ ಮರಳ ನೆಲವನ್ನು ಮೀನುಗಾರರು ಕಳೆದುಕೊಂಡರು.

ಒಂದೇ ಗೋಡೆ, ಒಂದು ಬದಿಗೆ ನಗರದ ಅಭಿಮಾನವಾದ ವಿಹಾರಸ್ಥಾನ, ಇನ್ನೊಂದು ಬದಿಗೆ ಕರಗಿದ ದಡ. ಗೋಡೆ ಕಟ್ಟಿದವರು ದುರುದ್ದೇಶದಿಂದ ಕಟ್ಟಲಿಲ್ಲ. ಹಡಗುಗಳನ್ನೂ ಪ್ರಾಣಗಳನ್ನೂ ಕಾಪಾಡಬೇಕೆಂಬುದೇ ಅವರ ಸಂಕಲ್ಪವಾಗಿತ್ತು. ಅದು ಬಹುಮಟ್ಟಿಗೆ ಈಡೇರಿತು ಕೂಡ. ದೀಪದ ಬುಡದಲ್ಲಿ ಕತ್ತಲೆಯೆಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಹರದಾರಿಗಳಾಚೆಯ ನಾವಿಕನಿಗೆ ಬೆಳಕಾದ ಬಂದರು ತನ್ನ ಮಗ್ಗುಲಿನ ಮೀನುಗಾರನ ನೆಲವನ್ನು ಕಾಣದೆ ಹೋಯಿತು.

ನಮ್ಮ ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. 'ಕಡಲ್ಕೊರೆತ' ಎಂಬ ಮಾತು ಉಳ್ಳಾಲದ ಕಡೆಯ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಕೇಳಿಬರುವ ಆತಂಕದ ಮಾತು. ಎಲ್ಲ ಕಡೆಯೂ ಕಾರಣವು ಒಂದೇ ಆಗಿರಬೇಕೆಂದಿಲ್ಲ. ಆದರೆ ದಡದ ಮೇಲೆ ಏನನ್ನೇ ಕಟ್ಟುವ ಮೊದಲು, ಆ ಕಟ್ಟಡದ ಆಚೆಯ ಬದಿಗೆ ಏನಾಗುವುದೆಂದು ಕೇಳಬೇಕಾದ ಕರ್ತವ್ಯವು ಎಲ್ಲ ಕಡೆಯೂ ಒಂದೇ.

ದೀಪಕ್ಕೂ ಗೋಡೆಗೂ ಮಿತಿಯುಂಟೆಂಬುದನ್ನು 2004ರ ಡಿಸೆಂಬರ್ 26ರ ಬೆಳಗು ತೋರಿಸಿತು. ಸುಮಾತ್ರಾದ ಬಳಿಯ ಭೂಕಂಪದಿಂದೆದ್ದ ಸುನಾಮಿ ಅಲೆಗಳು ಮರೀನಾ ತೀರಕ್ಕೆ ನುಗ್ಗಿದಾಗ ಹಾಡುಹಗಲು. ದೀಪದಿಂದ ಯಾವ ಉಪಯೋಗವೂ ಇರಲಿಲ್ಲ. ವಿಹಾರಕ್ಕೆ ಬಂದವರೂ ಮೀನುಗಾರರ ಕುಟುಂಬಗಳವರೂ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ಸೂಚನಾ ಕೇಂದ್ರವು ಕಾರ್ಯಾರಂಭ ಮಾಡಿತು. ಸಮುದ್ರದಿಂದ ನೂರಾರು ಕಿಲೋಮೀಟರು ಒಳಗಿದ್ದು ತೀರವನ್ನು ಕಾಯುವ ಈ ಕೇಂದ್ರವೂ ಒಂದು ಬಗೆಯ ದೀಪಸ್ತಂಭವೇ. ತೆಂಗಿನೆಣ್ಣೆಯ ಕಂದೀಲಿನಿಂದ ಮೊದಲಾದ ಪ್ರಯತ್ನವು ಮುಗಿದಿಲ್ಲ. ರೂಪವನ್ನು ಬದಲಿಸುತ್ತ ಮುಂದುವರಿದಿದೆ.

ಪ್ರವಾಸಕ್ಕೆ ಹೊರಡುವ ಅಧ್ಯಾಪಕರಲ್ಲಿ ವಿಜ್ಞಾಪನೆ

ಈ ಪಾಠವನ್ನು ಒಂದು ದಿನದ ಸಂದರ್ಶನಕ್ಕೆ ಅಳವಡಿಸುವುದು ಕಷ್ಟವಲ್ಲ. ಬೆಳಿಗ್ಗೆ ಕೋಟೆಯ ವಸ್ತುಸಂಗ್ರಹಾಲಯದಿಂದ ಆರಂಭಿಸಿ ಮೊದಲ ದೀಪದ ನೆಲೆಯನ್ನು ನೋಡಬಹುದು. ಅಲ್ಲಿಂದ ಉಚ್ಚ ನ್ಯಾಯಾಲಯದ ಕಡೆಗೆ ಸಾಗಿದರೆ ಎರಡನೆಯ ಮತ್ತು ಮೂರನೆಯ ದೀಪಗಳ ಸ್ಥಾನಗಳು ಹತ್ತಿರಹತ್ತಿರದಲ್ಲಿಯೇ ಇವೆ. ಆವರಣವನ್ನು ಪ್ರವೇಶಿಸಲು ಮುಂಚಿತವಾಗಿ ಅನುಮತಿಯನ್ನು ಕೇಳಿಕೊಳ್ಳುವುದು ಮೇಲು. ಗೋಪುರವಂತೂ ರಸ್ತೆಯಿಂದಲೇ ಕಾಣುತ್ತದೆ. ಬಂದರಿನ ಒಳಭಾಗಕ್ಕೂ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಬಳಿಕ ರಾಯಪುರದ ಬಂಡೆಗಳ ಸಾಲನ್ನು ಮಕ್ಕಳಿಗೆ ತೋರಿಸಿ, ಸಂಜೆಯ ಹೊತ್ತಿಗೆ ಮರೀನಾ ದೀಪಸ್ತಂಭಕ್ಕೆ ಬರುವುದು ಉಚಿತ. ರಾಯಪುರವನ್ನು ನೋಡದೆ ಮರೀನಾಕ್ಕೆ ಬಂದ ವಿದ್ಯಾರ್ಥಿಗೆ ಆ ಮರಳಬಯಲು ಬರಿಯ ಆಟದ ಮೈದಾನವಾಗಿ ಕಾಣುವುದು. ನೋಡಿ ಬಂದವನಿಗೆ ಆ ಮರಳು ಎಲ್ಲಿಗೆ ಹೋಗಬೇಕಾಗಿದ್ದುದೆಂಬ ವಿಚಾರ ಹೊಳೆಯುವುದು.

ಪ್ರವಾಸಕ್ಕೆ ಮುನ್ನ ವಿದ್ಯಾರ್ಥಿಗಳಿಗೆ ಕೆಲವು ಪ್ರಶ್ನೆಗಳನ್ನು ಕೊಡುವುದು ಒಳ್ಳೆಯದು. ದೀಪಸ್ತಂಭದ ಮೇಲಿನಿಂದ ಕಾಣುವ ದಿಗಂತದ ದೂರವೆಷ್ಟು? ಮಿಂಚುಗಳ ನಡುವಿನ ಕಾಲವೆಷ್ಟು? ದಡಕ್ಕೆ ಬರುವ ಅಲೆಯು ನೇರವಾಗಿದೆಯೋ ಓರೆಯಾಗಿದೆಯೋ? ಮೊಳೆಯಿಲ್ಲದ ದೋಣಿಯು ಏಕೆ ಒಡೆಯುತ್ತಿರಲಿಲ್ಲ? ಬಂದರಿನಿಂದ ಲಾಭ ಪಡೆದವರು ಯಾರು, ನಷ್ಟ ಹೊಂದಿದವರು ಯಾರು? ಇವುಗಳಲ್ಲಿ ಮೊದಲ ನಾಲ್ಕಕ್ಕೆ ಗಣಿತ, ಭೂಗೋಳ, ವಿಜ್ಞಾನಗಳ ಅಧ್ಯಾಪಕರು ಉತ್ತರ ಹೇಳಿಕೊಡಬಲ್ಲರು. ಐದನೆಯದಕ್ಕೆ ಉತ್ತರವನ್ನು ವಿದ್ಯಾರ್ಥಿಗಳೇ ಚರ್ಚಿಸಿ ಬರೆಯಲಿ.

ವಿದ್ಯಾಸಂಸ್ಥೆಗಳನ್ನು ಕಟ್ಟುವವರಿಗೂ ನಡೆಸುವವರಿಗೂ ಅವುಗಳಿಗೆ ಉದಾರವಾಗಿ ನೆರವಾಗುವವರಿಗೂ ಈ ಕಡಲತೀರದ ಕಥೆಯಲ್ಲಿ ಮನನಯೋಗ್ಯವಾದ ಅಂಶವುಂಟು. ಶಾಲೆಯನ್ನು ದೀಪಕ್ಕೆ ಹೋಲಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಉಚಿತವೂ ಹೌದು. ಆದರೆ ಪ್ರತಿಯೊಂದು ಶಾಲೆಗೂ ಗೋಡೆಯೂ ಇರುತ್ತದೆ. ಆ ಗೋಡೆಯ ಒಳಗೆ ಬಂದವರಿಗೆ ಆಸರೆ ದೊರೆಯುತ್ತದೆ. ಹೊರಗೆ, ಆಚೆಯ ಬದಿಯಲ್ಲಿ, ಉಳಿದುಹೋದ ಮಕ್ಕಳು ಯಾರೆಂಬುದನ್ನು ಆಗಾಗ ಹೋಗಿ ನೋಡಿಬರುವುದು ದೀಪ ಹಚ್ಚಿದವರ ಹೊಣೆ. ಮರೀನಾದ ಮೇಲೆ ನಿಂತು ರಾಯಪುರವನ್ನು ನೆನೆಯಬಲ್ಲ ವಿದ್ಯಾರ್ಥಿಯೊಬ್ಬನು ತಯಾರಾದರೂ ಆ ಪ್ರವಾಸಕ್ಕೆ ಮಾಡಿದ ವೆಚ್ಚವು ಸಾರ್ಥಕವಾದಂತೆ.